ಖಾನಾವಳಿಯ ಹಿತ್ತಲ ಕುಡಿಕೆಗಳು

ಆ ಅರ್ಜಿ ನನ್ನ ಕೈಗೆ ಬಂದಾಗ ನಾನು ಅದೇ ಖಾನಾವಳಿಯಲ್ಲಿ ಊಟಕ್ಕೆ ಕೂತಿದ್ದೆ. ತಟ್ಟೆಯಲ್ಲಿ ರಾಗಿ ಮುದ್ದೆ ಅರ್ಧ ಮುರಿದಿತ್ತು, ಹುರುಳಿ ಸಾರು ಇನ್ನೂ ಹಬೆಯಾಡುತ್ತಿತ್ತು. ಚಳ್ಳಕೆರೆಯ ಟಪಾಲು ಹಿಡಿದು ಬಂದ ನನ್ನ ಪೇದೆ ಬಾಗಿಲಲ್ಲೇ ನಿಂತು, "ಸಾಮಿ, ಜರೂರು ಕಾಗದ ಅಂತೆ," ಅಂದ. ಎಡಗೈಯಲ್ಲೇ ಬಿಚ್ಚಿ ಓದಿದೆ.

ಮೊಳಕಾಲ್ಮೂರಿನ ನೇಕಾರರ ಬೀದಿಯವರು ಬರೆಸಿದ ಅರ್ಜಿ ಅದು. ಬಳ್ಳಾರಿ ದಾರಿಯ ಮೇಲಿರುವ ಖಾನಾವಳಿಯಲ್ಲಿ ಊಟದ ನೆಪದಲ್ಲಿ ಹೆಂಡದ ವ್ಯಾಪಾರ ನಡೆಯುತ್ತಿದೆ, ಕುಡಿದ ಗಾಡಿಯವರು ಹಿತ್ತಲ ಬಾಗಿಲಿನಿಂದ ನಮ್ಮ ಬೀದಿಗೆ ನುಗ್ಗಿ ಹಾಸಿದ ರೇಷ್ಮೆಯ ಮೇಲೆ ಬಿದ್ದು ಎಳೆ ಹರಿದಿದ್ದಾರೆ, ಹೆಂಗಸರು ಬಾಗಿಲಿಗೆ ಬರುವಂತಿಲ್ಲ, ಆದ್ದರಿಂದ ಖಾನಾವಳಿ ಮುಚ್ಚಿಸಿ ಅದನ್ನು ನಡೆಸುವವಳನ್ನು ಪೇಟೆ ಬಿಡಿಸಬೇಕು ಎಂದಿತ್ತು. ಮೇಲೆ ಅಮಲ್ದಾರರು ತಮ್ಮ ದುಂಡನೆಯ ಅಕ್ಷರದಲ್ಲಿ ಷರಾ ಬರೆದಿದ್ದರು: ಅಬಕಾರಿ ಸಬ್ ಇನ್‌ಸ್ಪೆಕ್ಟರು ಸ್ಥಳ ತನಿಖೆ ಮಾಡಿ ಮಹಜರು ಸಮೇತ ವರದಿ ಕಳಿಸತಕ್ಕದ್ದು.

ಆ ಸಬ್ ಇನ್‌ಸ್ಪೆಕ್ಟರು ನಾನೇ. ಕಾಗದ ಮಡಚಿ ಜೇಬಿಗಿಟ್ಟು, ಅರ್ಧ ಮುದ್ದೆ ತಟ್ಟೆಯಲ್ಲಿ ಬಿಟ್ಟು ಎದ್ದೆ. ಯಾರ ಮೇಲೆ ತನಿಖೆಯೋ ಅವರ ಮನೆಯ ಅನ್ನ ಉಂಡು ತನಿಖೆ ಮಾಡುವುದು ಹೇಗೆ?

"ಯಾಕ್ರಿ ಸಾಮಿ, ಸಾರಿಗೆ ಉಪ್ಪು ಜಾಸ್ತಿ ಆತಾ?" ಅಂದಳು ಖಾನಾವಳಿಯವಳು.

"ಇಲ್ಲಮ್ಮ."

"ಮತ್ತೆ ಅರ್ಧಕ್ಕೇ ಎದ್ರಲ್ಲ?"

ನಾನು ಕೈ ತೊಳೆದುಕೊಂಡೆ. ಆಕೆ ತಟ್ಟೆಯನ್ನೂ ನನ್ನ ಜೇಬನ್ನೂ ಒಮ್ಮೆ ನೋಡಿದಳು. ಆಕೆಗೆ ಓದು ಬರುತ್ತಿರಲಿಲ್ಲ, ಆದರೆ ಸರ್ಕಾರದ ಕಾಗದ ಓದುವವರ ಮುಖ ಓದಲು ಬರುತ್ತಿತ್ತು.

ಆಗಿನ್ನೂ ಚಳ್ಳಕೆರೆಗೆ ರೈಲು ಬಂದಿರಲಿಲ್ಲ. ನನ್ನ ಠಾಣೆ ಚಳ್ಳಕೆರೆಯಾದರೂ ಹೆಂಡದಂಗಡಿಗಳ ತಪಾಸಣೆಗೆಂದು ಗಾಡಿಯಲ್ಲಿ ಮೊಳಕಾಲ್ಮೂರಿಗೆ ಬಂದರೆ ವಾರಗಟ್ಟಲೆ ಅಲ್ಲೇ ಇರಬೇಕಾಗುತ್ತಿತ್ತು. ರಾಂಪುರ ದಾಟಿದರೆ ಮದ್ರಾಸು ಸರ್ಕಾರದ ಸೀಮೆ. ಅಲ್ಲಿನ ಕಾಯಿದೆಯೇ ಬೇರೆ, ಅಲ್ಲಿನ ಸರಕು ಇಲ್ಲಿಗೆ ನುಸುಳದಂತೆ ನೋಡುವುದು ನನ್ನ ಕೆಲಸ. ಈ ಕೆಲಸದವನಿಗೆ ಊರಲ್ಲಿ ಸ್ನೇಹಿತರು ಇರುವುದಿಲ್ಲ. ಕುಡಿಯುವವರು ನನ್ನನ್ನು ಕಂಡರೆ ಗೋಡೆ ಮರೆಗೆ ಸರಿಯುತ್ತಿದ್ದರು. ಕುಡಿಯದವರು, ಇವನೇ ತಾನೇ ಸರ್ಕಾರದ ಪರವಾಗಿ ಹೆಂಡ ಮಾರಿಸುವವನು ಎಂದು ಮೂಗು ಮುರಿಯುತ್ತಿದ್ದರು. ಸಂಸಾರಸ್ಥರ ಬೀದಿಯಲ್ಲಿ ಯಾರೂ ಕೋಣೆ ಕೊಡಲಿಲ್ಲ. ಕೊನೆಗೆ ಖಾನಾವಳಿಯ ಎದುರಿಗೆ, ದಾರಿಯ ಆಚೆ ಬದಿಯಲ್ಲಿ, ಹತ್ತಿ ತುಂಬುತ್ತಿದ್ದ ಒಂದು ಕೋಣೆ ಸಿಕ್ಕಿತ್ತು. ಇಡೀ ಪೇಟೆಯಲ್ಲಿ ನನ್ನ ಹತ್ತಿರ ಕೆಲಸವಿಲ್ಲದ ಮಾತು ಆಡುತ್ತಿದ್ದವಳು ಈ ಖಾನಾವಳಿಯವಳು ಒಬ್ಬಳೇ. ಸಾರು ಹೇಗಿದೆ, ಬಿಸಿಲು ಹೇಗಿದೆ, ನಿಮ್ಮ ಅವ್ವ ಇನ್ನೂ ಗಟ್ಟಿಯಾಗಿದ್ದಾರಾ, ಇಷ್ಟೇ ಮಾತು. ಅಷ್ಟಕ್ಕೇ ನಾನು ಹಸಿವಾಗುವ ಮೊದಲೇ ಊಟಕ್ಕೆ ಹೋಗಿ ಕೂರುತ್ತಿದ್ದೆ.

ಆಕೆಯ ಗಂಡ ಗಾಡಿಯವನು. ಬಳ್ಳಾರಿ ದಾರಿಯಲ್ಲಿ ಗಾಡಿ ಮಗುಚಿ ಸತ್ತ. ಜೊತೆಯ ಗಾಡಿಯವರೇ ರಾಗಿ, ಹುರುಳಿ ತಂದು ಹಾಕಿ, "ನಮಗೆ ಬೇಯಿಸಿ ಹಾಕಕ್ಕ, ನಿಂದೂ ನಡೀತೈತೆ," ಎಂದು ಆ ಮನೆಯಲ್ಲಿ ಕೂರಿಸಿದ್ದರು. ಅದನ್ನು ಮುಚ್ಚಿಸಿದರೆ ಆಕೆಗೆ ತವರೂ ಇರಲಿಲ್ಲ, ಇನ್ನೊಂದು ದಾರಿಯೂ ಇರಲಿಲ್ಲ.

ಮರುದಿನ ಬೆಳಿಗ್ಗೆ ದಾರಿ ದಾಟಿ ಹೋಗಿ, ಹೊಸ್ತಿಲಾಚೆಯೇ ನಿಂತು ಅರ್ಜಿಯ ವಿಷಯ ಹೇಳಿದೆ. ತನಿಖೆ ಮುಗಿಯುವವರೆಗೆ ಇಲ್ಲಿ ಊಟ ಮಾಡುವುದಿಲ್ಲ ಎಂದೂ ಹೇಳಿದೆ.

ಆಕೆ ಸೌಟು ಕೆಳಗಿಟ್ಟಳು. "ಗೌರಸಮುದ್ರದ ಮಾರಮ್ಮನಾಣೆ, ನಾನು ಒಂದು ತೊಟ್ಟು ಹೆಂಡ ಮಾರಿಲ್ಲ. ತರೋರು ತರ್ತಾರೆ, ಕುಡಿಯೋರು ಕುಡಿತಾರೆ. ಕುಡಿದೋರು ಮುದ್ದೆ ಜಾಸ್ತಿ ಉಣ್ತಾರೆ. ನಾನು ಮಾರೋದು ಮುದ್ದೆ."

"ಯಾರು ತರ್ತಾರೆ, ಯಾರು ಕುಡೀತಾರೆ?"

"ಅದನ್ನ ಹೇಳಿದ್ರೆ ನಾಳೆ ನನ್ನ ಮನಿಗೆ ಯಾರು ಬರ್ತಾರೆ ಸಾಮಿ? ಅದು ನೀವೇ ಹುಡಿಕ್ಯಳ್ರಿ." ಸೌಟು ಮತ್ತೆ ಎತ್ತಿಕೊಂಡು, "ನೀವು ಉಣ್ಣೋದೆಲ್ಲಿ?" ಅಂದಳು.

"ನಾನೇ ಬೇಯಿಸಿಕೊಳ್ತೀನಿ."

ಆಕೆ ನಕ್ಕುಬಿಟ್ಟಳು. ಆ ಹೊತ್ತಿನಲ್ಲಿ ನಗುವುದಕ್ಕೆ ಎದೆ ಬೇಕು.

ಅಡುಗೆ ನನಗೆ ಬರುತ್ತಿರಲಿಲ್ಲ. ಮೊದಲ ದಿನದ ಮುದ್ದೆಯಲ್ಲಿ ಹಿಟ್ಟಿನ ಗಂಟು, ಎರಡನೆಯ ದಿನ ಹುರುಳಿ ಬೇಯಲೇ ಇಲ್ಲ. ಕೋಣೆಯ ಮುಂದಿನ ಜಗಲಿಯ ಮೇಲೆ ಮೂರು ಕಲ್ಲು ಇಟ್ಟು ಊದುತ್ತಾ ಕೂತಿದ್ದರೆ ಹೋಗಿ ಬರುವ ಗಾಡಿಯವರಿಗೆಲ್ಲ ತಮಾಷೆ. ಮೂರನೆಯ ದಿನವೋ ನಾಲ್ಕನೆಯ ದಿನವೋ, ಎದುರು ಹೊಸ್ತಿಲಿನಿಂದ ಒಂದು ಕೂಗು ಬಂತು.

"ಸಾಮೀ, ಉಪ್ಪು ಈಗ್ಲೇ ಹಾಕಬ್ಯಾಡ್ರೀ! ಕಾಳು ಬೆಂದ ಮ್ಯಾಲೆ ಹಾಕ್ರಿ!"

ನಾನು ಕೈಯಲ್ಲಿದ್ದ ಉಪ್ಪನ್ನು ವಾಪಸು ಕುಡಿಕೆಗೆ ಹಾಕಿದೆ.

"ಹಿಟ್ಟು ಒಂದೇ ಸಲ ಸುರಿದು ಕೋಲು ಹಾಕಬ್ಯಾಡ್ರಿ. ಕುದಿಯೋತನಕ ತಡೀರಿ!"

ಅಂದಿನಿಂದ ಇದೇ ನಡೆಯಿತು. ಆಕೆ ತನ್ನ ಒಲೆಯ ಮುಂದಿನಿಂದ ಎದ್ದು ಬಂದು ಕೂಗುವುದು, ನಾನು ದಾರಿಯ ಈಚೆ ಅದರಂತೆ ಮಾಡುವುದು. ಒಂದು ಹಿಡಿ ಹಿಟ್ಟೂ ದಾರಿ ದಾಟಲಿಲ್ಲ. ಕೂಗಿ ಹೇಳಿದ ಸಾರನ್ನು ಲಂಚವೆಂದು ಯಾವ ಕಾಯಿದೆಯಲ್ಲೂ ಬರೆದಿರಲಿಲ್ಲ. ನನಗೆ ಅದರಿಂದ ಎಷ್ಟು ಸಮಾಧಾನವಾಗುತ್ತಿತ್ತು ಎಂದರೆ, ಕೆಲವು ಸಲ ಗೊತ್ತಿದ್ದೂ ಉಪ್ಪಿನ ಕುಡಿಕೆಗೆ ಕೈ ಹಾಕಿ ಆ ಕೂಗಿಗಾಗಿ ಕಾದಿದ್ದೇನೆ.

ತನಿಖೆಯ ಕಥೆ ಮಾತ್ರ ಹದಕ್ಕೆ ಬರಲಿಲ್ಲ. ಕಾಯಿದೆಯ ಪ್ರಕಾರ ಪರವಾನಗಿ ಇಲ್ಲದೆ ಹೆಂಡ ಮಾರುವುದು ಅಪರಾಧ, ಕುಡಿಯುವುದು ಅಪರಾಧವಲ್ಲ. ಆದ್ದರಿಂದ ನಾನು ಹಿಡಿಯಬೇಕಾದದ್ದು ಮಾರಾಟವನ್ನು. ಮೊದಲು ಊರ ಹೊರಗೆ ಈಚಲು ತೋಪಿನ ಪಕ್ಕದಲ್ಲಿದ್ದ ಪರವಾನಗಿಯ ಹೆಂಡದಂಗಡಿಗೆ ಹೋದೆ. ಅಂಗಡಿಯವನು ಮಡಕೆಗಳನ್ನು ತೋರಿಸಿ, ಅಳತೆ ತೋರಿಸಿ, "ಒಬ್ಬೊಬ್ಬರಿಗೆ ಎಷ್ಟು ಕೊಡಬೌದೋ ಅಷ್ಟೇ ಕೊಟ್ಟೀನಿ. ಅಂಗಡಿ ಬಾಗಿಲು ದಾಟಿದ ಮ್ಯಾಲೆ ಅವರೆಲ್ಲಿ ಕುಡಿದ್ರೆ ನಂಗೇನು?" ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಕೊಳ್ಳುವವರು ಯಾರೆಂದು ಕೇಳಿದರೆ, ಗಾಡಿಯವರು, ಒಡ್ಡರು, ಹೊಲದ ಕೂಲಿಯವರು ಎಂದ. ನೇಕಾರರ ಬೀದಿಯವರು? "ಅವರು ಈ ಕಡಿಗೆ ತಲಿ ಹಾಕಿ ಮಲಗಾಕಿಲ್ಲ," ಎಂದು ನಕ್ಕ.

ಆಮೇಲೆ ಖಾನಾವಳಿಯ ಹಿತ್ತಲನ್ನು ಒಂದು ಸಲ ಹಠಾತ್ತನೆ ನೋಡಿದೆ. ಮುಂದಿನ ಬಾಗಿಲು ಬಳ್ಳಾರಿ ದಾರಿಗೆ, ಹಿಂದಿನ ಬಾಗಿಲು ನೇಕಾರರ ಬೀದಿಗೆ. ಹಿತ್ತಲಲ್ಲಿ ಒಂದು ಬೇವಿನ ಮರ, ಅದರ ಬುಡದಲ್ಲಿ ಬೋರಲು ಹಾಕಿದ ಮಣ್ಣಿನ ಕುಡಿಕೆಗಳು. ಮೂಸಿದರೆ ಹುಳಿ ವಾಸನೆ. ಆದರೆ ಮಜ್ಜಿಗೆಯೂ ಹುಳಿಯೇ. ಹೆಂಡದ ಮಡಕೆಯಾಗಲಿ, ಅಳತೆಯ ಪಾತ್ರೆಯಾಗಲಿ ಇರಲಿಲ್ಲ. ಕುಡಿಕೆಗಳ ಹೊರಮೈಯಲ್ಲಿ ಅಲ್ಲಲ್ಲಿ ಕೆಂಪು ಕಲೆಗಳಿದ್ದವು. ಕುಂಬಾರನ ಆವಿಗೆಯಲ್ಲಿ ಸುಟ್ಟ ಗುರುತೆಂದುಕೊಂಡು ಕೆಳಗಿಟ್ಟೆ.

ಮಾರಾಟಕ್ಕೆ ಸಾಕ್ಷಿ ಬೇಕಲ್ಲ, ರಾಂಪುರದ ಕಡೆಯ ಒಬ್ಬ ಗಾಡಿಯವನನ್ನು ಒಪ್ಪಿಸಿ ಕಳಿಸಿದೆ. ಹೋಗಿ ಹೆಂಡ ಕೇಳು, ಯಾರು ಕೊಟ್ಟರು, ಏನು ತೆಗೆದುಕೊಂಡರು, ಬಂದು ಹೇಳು ಎಂದು ತಾಕೀತು ಮಾಡಿದ್ದೆ. ಮುಚ್ಚಂಜೆಗೆ ಹೋದವನು ದೀಪ ಹಚ್ಚುವ ಹೊತ್ತಿಗೆ ನನ್ನ ಜಗಲಿಗೆ ಬಂದು ಕಂಬ ಹಿಡಿದು ಕೂತ.

"ಯಾರು ಕೊಟ್ರೋ?"

"ಎಲ್ರೂ ಕೊಟ್ರು ಸಾಮಿ."

"ಎಲ್ರೂ ಅಂದ್ರೆ?"

"ಕೇಳಿದೋರೂ ಕೊಟ್ರು, ಕೇಳದೋರೂ ಕೊಟ್ರು. ಭಾಳ ಒಳ್ಳೇ ಜನ."

"ದುಡ್ಡು ಯಾರು ಇಸ್ಕೊಂಡ್ರು?"

"ದುಡ್ಡಾ? ನನ್ನ ಊಟಕ್ಕೂ ಯಾರೋ ಕೊಟ್ಬಿಟ್ರು. ಯಾರು ಅಂತ ಕೇಳಬ್ಯಾಡ್ರಿ, ಆಣಿ ಹಾಕ್ಸ್ಯಾರೆ," ಎಂದು ಅಲ್ಲೇ ಒರಗಿಕೊಂಡ. ನನ್ನ ಸಾಕ್ಷಿಯ ಗತಿ ಹೀಗಾಯಿತು. ಪೇದೆ ಅವನ ತಲೆಯ ಕೆಳಗೆ ಒಂದು ಗೋಣಿ ಇಟ್ಟು, ಮುಖ ಆ ಕಡೆ ತಿರುಗಿಸಿಕೊಂಡು ನಗುತ್ತಿದ್ದ.

ಆದರೆ ಅವನ ತೊದಲಿನಲ್ಲೇ ಒಂದು ಸಂಗತಿ ತಿಳಿಯಿತು. ಗಾಡಿಯವರು ಪರವಾನಗಿಯ ಅಂಗಡಿಯಿಂದ ಹೆಂಡ ತರುತ್ತಾರೆ. ಅದನ್ನು ಕುಡಿಯುವ ಬೇರೆ ಯಾರೋ ಗಾಡಿಯವರ ಊಟದ ದುಡ್ಡು ಕೊಡುತ್ತಾರೆ. ಹೆಂಡಕ್ಕೆ ಬದಲು ಮುದ್ದೆ. ಇದು ಮಾರಾಟವೇ? ಮಾರಾಟವಾದರೆ ಮಾರಿದವನು ಯಾರು, ಗಾಡಿಯವನೇ, ಮುದ್ದೆ ಬಡಿಸಿದವಳೇ? ನನ್ನ ಹತ್ತಿರವಿದ್ದ ಸುತ್ತೋಲೆಗಳನ್ನೆಲ್ಲ ತಿರುವಿ ಹಾಕಿ ತಲೆ ಕೆರೆದುಕೊಂಡೆ. ಉತ್ತರ ಎಲ್ಲೂ ಇರಲಿಲ್ಲ. ಕೇಳೋಣವೆಂದರೆ ಇಲಾಖೆಯವನು ಇನ್ನೊಬ್ಬ ಇದ್ದದ್ದು ಚಳ್ಳಕೆರೆಯಲ್ಲಿ, ಗಾಡಿಯ ಹಾದಿ.

ಚಳ್ಳಕೆರೆಯಿಂದ ಜ್ಞಾಪಕದ ಕಾಗದವೂ ಬಂತು. ಇನ್ನು ತಡಮಾಡುವಂತಿರಲಿಲ್ಲ. ಬೀದಿಯ ನಾಲ್ವರು ಹಿರಿಯರನ್ನು ಪಂಚರನ್ನಾಗಿ ಕರೆದು, ಅವರ ಎದುರಿಗೇ ಹಿತ್ತಲನ್ನು ಪರಿಶೀಲಿಸಿ ಮಹಜರು ಬರೆಯುವುದೆಂದು ತೀರ್ಮಾನಿಸಿದೆ.

ಆ ಬೆಳಿಗ್ಗೆ ನೇಕಾರರ ಬೀದಿಯಲ್ಲಿ ಹಾಸು ಹಾಕಿದ್ದರು. ಬಿಸಿಲೇರುವ ಮೊದಲು ಮಗ್ಗಕ್ಕೆ ಏರಿಸುವ ರೇಷ್ಮೆಯ ಹಾಸನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ತುಂಡಾದ ಎಳೆಗಳನ್ನು ಹೊಸೆದು ಸೇರಿಸುತ್ತಾರೆ. ಆ ಹೊತ್ತಿನಲ್ಲಿ ನಾಯಿಯೂ ಆ ಬೀದಿಯಲ್ಲಿ ಓಡುವಂತಿಲ್ಲ. ನಾನು ಗೋಡೆಗೆ ಅಂಟಿಕೊಂಡು ನಡೆದೆ. ಜಗಲಿಗಳ ಮೇಲೆ ಅರಗಿನ ಕೆಂಪು ಬಣ್ಣದ ಕೊಪ್ಪರಿಗೆಗಳು, ನೂಲು ಹಿಂಡಿ ಹಾಕುತ್ತಿದ್ದ ಗಂಡಸರು. ನನ್ನನ್ನು ಕಂಡೊಡನೆ ತೆಲುಗಿನಲ್ಲಿ ನಡೆಯುತ್ತಿದ್ದ ಮಾತು ನಿಂತಿತು. ಮಾತು ನಿಲ್ಲುವುದಕ್ಕೆ ನಾನು ಒಗ್ಗಿಹೋಗಿದ್ದೆ ಎಂದುಕೊಂಡಿದ್ದೆ. ಒಗ್ಗಿರಲಿಲ್ಲ.

ಪಂಚರಲ್ಲಿ ಒಬ್ಬರು ಕುಲದ ಯಜಮಾನರು, ಅರ್ಜಿಯಲ್ಲಿ ಮೊದಲ ರುಜು ಅವರದೇ. ಇನ್ನೊಬ್ಬ ಅವರ ತಮ್ಮ, ಬಾಯಿ ಜೋರಿನ ಮನುಷ್ಯ. ಹಿತ್ತಲಿಗೆ ಬಂದೊಡನೆ ಎಲ್ಲರಿಗಿಂತ ಮುಂದೆ ಅವನೇ ನುಗ್ಗಿದ.

"ನೋಡ್ರಿ ಸಾಹೇಬ್ರೆ, ಇಲ್ಲೇ ಕೂರ್ತಾರೆ ಆ ಗಾಡಿ ನನ್ ಮಕ್ಳು. ಈ ಬೇವಿನ ಮರದ ಬುಡದಾಗೆ. ಇದ್ರಾಗೇ ಕುಡಿತಾರೆ, ಹಿಂಗೆ!" ಎಂದು ಒಂದು ಕುಡಿಕೆಯನ್ನು ಎತ್ತಿ, ಕುಡಿಯುವವನ ಹಾಗೆ ಬಾಯಿಯ ಹತ್ತಿರ ಹಿಡಿದು ತೋರಿಸಿದ.

ನಾನು ಅವನ ಕೈ ನೋಡಿದೆ. ಬೆಳಿಗ್ಗೆ ನೂಲು ಹಿಂಡಿದ ಕೈ, ಬೆರಳೆಲ್ಲ ಅರಗಿನ ಕೆಂಪು. ಆ ಬೆರಳುಗಳು ಕುಡಿಕೆಯ ಮೇಲಿದ್ದ ಹಳೆಯ ಕೆಂಪು ಕಲೆಗಳ ಮೇಲೆ ಒಂದೊಂದಾಗಿ ಕೂತಿದ್ದವು. ಹೆಬ್ಬೆರಳು ಒಂದು ಕಡೆ, ಉಳಿದವು ಇನ್ನೊಂದು ಕಡೆ. ಅವನು ನೋಡಿಕೊಂಡು ಇಟ್ಟದ್ದಲ್ಲ, ಕೈಗೆ ರೂಢಿಯಿದ್ದ ಜಾಗ ಅದು. ಗಾಡಿಯವನ ಕೈಗೆ ಕೀಲೆಣ್ಣೆ ಹತ್ತಬಹುದು, ಅರಗಿನ ಬಣ್ಣ ಹತ್ತುವುದಿಲ್ಲ.

ಅವನಿಗೆ ಏನೂ ತಿಳಿಯಲಿಲ್ಲ. ಅವನ ಅಣ್ಣನಿಗೆ ತಿಳಿಯಿತು. ಯಜಮಾನರು ಮುಖ ತಿರುಗಿಸಿ ಬೇವಿನ ಮರವನ್ನು ನೋಡುತ್ತಾ ನಿಂತರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಖಾನಾವಳಿಯವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಕುಡಿಕೆಗಳನ್ನೆಲ್ಲ ಒಂದು ಬುಟ್ಟಿಯಲ್ಲಿ ಹಾಕಿಸಿ, ಮಹಜರನ್ನು ನಾಳೆ ಚಾವಡಿಯಲ್ಲಿ ಓದಿ ರುಜು ಮಾಡಿಸುತ್ತೇನೆ ಎಂದು ಹೇಳಿ ಹೊರಟೆ.

ಆ ದಿನ ಮಧ್ಯಾಹ್ನ ಯಜಮಾನರ ಮನೆಗೆ ಒಬ್ಬನೇ ಹೋದೆ. ಅವರು ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಲಾಳಿ ಹಿಡಿದಿದ್ದರೇ ಹೊರತು ನೇಯುತ್ತಿರಲಿಲ್ಲ.

"ಯಜಮಾನ್ರೆ, ನಿಮ್ಮ ಬೀದಿಯವರು ಹೆಂಡದಂಗಡಿಗೆ ಯಾಕೆ ಹೋಗುವುದಿಲ್ಲ?"

"ಕುಲದ ಕಟ್ಟು ಐತೆ. ಹೆಂಡದಂಗಡಿ ಮೆಟ್ಟಿಲು ತುಳಿದೋನು ಕುಲದ ಹೊರಗೆ. ದಂಡ ಕೊಟ್ಟು, ಎಲ್ಲರಿಗೂ ಊಟ ಹಾಕೋವರೆಗೂ ಯಾರೂ ಅವನಿಗೆ ಬೆಂಕಿ ಕೊಡಂಗಿಲ್ಲ."

"ಕಟ್ಟು ಮಾಡಿದವರು?"

"ನಾನೇ."

"ಖಾನಾವಳಿ ಮೆಟ್ಟಿಲಿನ ಮಾತು ಅದರಲ್ಲಿ ಇಲ್ಲ."

ಅವರು ಲಾಳಿಯನ್ನು ಪಕ್ಕಕ್ಕಿಟ್ಟರು. "ಅದೇ ತಪ್ಪಾತು. ಉಣ್ಣಾಕೆ ಹೋಗಿದ್ದೆ ಅಂತಾರೆ. ಉಣ್ಣಾಕೆ ಹೋಗಬ್ಯಾಡ ಅಂತ ನಾನು ಹೆಂಗೆ ಹೇಳಲಿ? ಅವತ್ತು ಹಾಸಿನ ಮ್ಯಾಲೆ ಬಿದ್ದು ಎಳೆ ಹರಿದೋನು ಗಾಡಿಯೋನಲ್ಲ ಸಾಹೇಬ್ರೆ. ನನ್ನ ತಮ್ಮ. ಬೀದಿಗೆಲ್ಲ ಗೊತ್ತು, ಯಾರೂ ಬಾಯಿ ಬಿಡಾಕಿಲ್ಲ."

"ಮತ್ತೆ ಅರ್ಜಿಯಲ್ಲಿ ಗಾಡಿಯವರು ಎಂದು ಬರೆಸಿದ್ದೀರಿ."

"ಏನು ಮಾಡ್ಲಿ? ಒಡಹುಟ್ಟಿದೋನ್ನ ಕುಲದ ಹೊರಗೆ ಕೂರಿಸ್ಲಾ? ಅವನಷ್ಟೇ ಅಲ್ಲ, ಅರ್ಧ ಬೀದಿನೇ ಕೂರಿಸಬೇಕಾಗ್ತೈತೆ. ಸರ್ಕಾರ ಮುಚ್ಚಿಸಿದ್ರೆ ಎಲ್ಲ ತಾನಾಗೇ ನಿಲ್ತೈತೆ, ನನ್ನ ಮ್ಯಾಲೆ ಯಾರಿಗೂ ಸಿಟ್ಟಿರಾಕಿಲ್ಲ ಅಂದ್ಕಂಡೆ." ಅವರ ದನಿ ಇಳಿಯಿತು. "ದಂಡ ಹಾಕಿ ಹಾಕಿ ನನ್ನ ಜಗಲಿ ಮ್ಯಾಲೆ ಯಾರೂ ಕೂರಾಕಿಲ್ಲ ಈಗ. ನಿಮಗೆ ಅದು ಗೊತ್ತಾಗಾಕಿಲ್ಲ ಬಿಡ್ರಿ."

ನನಗೆ ಗೊತ್ತಾಗದೆ ಮತ್ತೆ ಯಾರಿಗೆ ಗೊತ್ತಾಗಬೇಕು ಎಂದು ನಾಲಗೆಯ ತುದಿಗೆ ಬಂತು.

"ಗಾಡಿಯೋರು ಅಂತ್ಲೇ ಬರ್ಕಂಡು ಹೋಗ್ರಿ," ಅಂದರು. "ನಿಮಗೂ ಸಲೀಸು, ನಮಗೂ ಮರ್ಯಾದಿ. ಆ ಹೆಂಗಸು ಎಲ್ಲಾದ್ರೂ ಬದುಕ್ಯಂತಾಳೆ."

"ಎಲ್ಲಿ ಬದುಕ್ತಾಳೆ ಯಜಮಾನ್ರೆ? ಒಂದು ಊರಿನ ಹೆಸರು ಹೇಳಿ."

ಅವರು ಮತ್ತೆ ಲಾಳಿ ಕೈಗೆತ್ತಿಕೊಂಡರು. ನಾನು ಎದ್ದು ಬಂದೆ.

ಜಗಲಿಯ ಮೇಲೆ ಕೂತು ಯೋಚಿಸಿದೆ. ಸಲೀಸಾದ ವರದಿ ಬರೆಯುವುದಕ್ಕೆ ಅರ್ಧ ಹಾಳೆ ಸಾಕಿತ್ತು. ಕುಡಿಕೆಗಳು ಸಿಕ್ಕಿವೆ, ಪಂಚರು ಗಾಡಿಯವರೆಂದು ಹೇಳುತ್ತಾರೆ, ಖಾನಾವಳಿ ಮುಚ್ಚಿಸಬಹುದು. ಅಮಲ್ದಾರರಿಗೆ ಸಂತೋಷ, ಬೀದಿಗೆ ಸಂತೋಷ. ಬಹುಶಃ ಆ ಬೀದಿಯಲ್ಲಿ ನಾಲ್ಕು ಜನ ನನಗೆ ನಮಸ್ಕಾರ ಹಾಕುವಂತೆಯೂ ಆಗುತ್ತಿತ್ತು. ಅದರ ಆಸೆ ನನಗೆ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಇನ್ನೊಂದು ಕಡೆ, ಬೀದಿಯವರ ಹೆಸರುಗಳನ್ನೆಲ್ಲ ಬರೆದರೆ ಅರ್ಧ ಬೀದಿಯ ಒಲೆಗೆ ಬೆಂಕಿ ಸಿಗದಂತಾಗುತ್ತಿತ್ತು. ಇಬ್ಬಂದಿಯಲ್ಲಿ ಸಿಕ್ಕಿಕೊಂಡು ಅನ್ನಕ್ಕೆ ನೀರಿಡುವುದನ್ನೂ ಮರೆತಿದ್ದೆ.

"ಸಾಮೀ, ಒಲಿ ಯಾಕೆ ಹಚ್ಚಿಲ್ಲಾ?" ಎಂದು ಎದುರಿನಿಂದ ಕೂಗು ಬಂತು. ನಾಳೆ ತನ್ನ ಮನೆಯ ಹಣೆಬರಹ ಬರೆಯುವವನು ನಾನು ಎಂದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಆಕೆ ಅದರ ಮಾತೇ ಎತ್ತಲಿಲ್ಲ, ನಾನು ಉಣ್ಣದೆ ಮಲಗುತ್ತೇನೇನೋ ಎಂಬುದಷ್ಟೇ ಅವಳ ಚಿಂತೆ. ನಾನು ಒಲೆ ಹಚ್ಚಿದೆ. ಸಾರು ಕುದಿಯುವ ಹೊತ್ತಿಗೆ, ಕಂಡದ್ದನ್ನು ಕಂಡಷ್ಟೇ ಬರೆಯುವುದು, ಹೆಸರು ಯಾರದೂ ಬರೆಯದಿರುವುದು ಎಂದು ನಿಶ್ಚಯವಾಗಿತ್ತು.

ಮಹಜರಿನ ಒಂದು ಕ್ರಮವಿದೆ. ಬರೆದದ್ದನ್ನು ಪಂಚರ ಎದುರು ಗಟ್ಟಿಯಾಗಿ ಓದಿ ಹೇಳಬೇಕು, ಸರಿಯೆಂದು ಅವರು ಒಪ್ಪಿದ ಮೇಲೆಯೇ ರುಜು. ಸಾಮಾನ್ಯವಾಗಿ ಯಾರೂ ಕೇಳಿಸಿಕೊಳ್ಳುವುದಿಲ್ಲ, ಆಕಳಿಸುತ್ತಾ ಹೆಬ್ಬೆಟ್ಟು ಒತ್ತಿ ಹೋಗುತ್ತಾರೆ. ಮರುದಿನ ಚಾವಡಿಯಲ್ಲಿ ಬೀದಿಯ ಗಂಡಸರೆಲ್ಲ ಸೇರಿದ್ದರು. ಬುಟ್ಟಿಯನ್ನು ನಡುವೆ ಇಡಿಸಿ ನಾನು ನಿಧಾನವಾಗಿ ಓದಿದೆ.

"ಖಾನಾವಳಿಯ ಹಿತ್ತಲಲ್ಲಿ ಹುಳಿ ಹೆಂಡದ ವಾಸನೆಯ ಮಣ್ಣಿನ ಕುಡಿಕೆಗಳು ಸಿಕ್ಕವು. ಹೆಂಡದ ದಾಸ್ತಾನಾಗಲಿ, ಅಳತೆಯಾಗಲಿ, ಮಾರಾಟವಾಗಲಿ ಕಂಡುಬರಲಿಲ್ಲ. ಕುಡಿಕೆಗಳ ಹೊರಮೈ ಮೇಲೆ ಅರಗಿನ ಬಣ್ಣದ ಬೆರಳ ಗುರುತುಗಳಿವೆ. ಈ ಪೇಟೆಯಲ್ಲಿ ಅರಗಿನ ಬಣ್ಣದ ಕೆಲಸ ಅರ್ಜಿದಾರರ ಬೀದಿಯಲ್ಲಿ ಮಾತ್ರ ನಡೆಯುತ್ತದೆ."

ತಲೆಯೆತ್ತಿ ನೋಡಿದರೆ, ಕೂತಿದ್ದವರೆಲ್ಲ ಕೈಗಳನ್ನು ಹೊದಿಕೆಯ ಒಳಕ್ಕೆ ಎಳೆದುಕೊಂಡಿದ್ದರು. ಯಜಮಾನರ ತಮ್ಮ ತನ್ನ ಅಂಗೈ ನೋಡಿಕೊಂಡು ಹಾಗೇ ಕೂತಿದ್ದ, ಈಗ ಅವನಿಗೆ ತಿಳಿದಿತ್ತು.

"ಸರಿಯಾಗಿದೆಯೇ?" ಎಂದು ಕೇಳಿದೆ. ರುಜು ಮಾಡಿದರೆ ಒಪ್ಪಿಕೊಂಡಂತೆ, ಮಾಡದಿದ್ದರೆ ತಮ್ಮ ಅರ್ಜಿಯನ್ನೇ ಕೈಬಿಟ್ಟಂತೆ.

ಕೊನೆಗೆ ಯಜಮಾನರು ಎದ್ದು ಬಂದು, "ಓದಿದ್ದು ಸರೀಗೈತೆ," ಎಂದು ಲೇಖನಿ ತೆಗೆದುಕೊಂಡು ತೆಲುಗಿನಲ್ಲಿ ರುಜು ಹಾಕಿದರು. ಆಮೇಲೆ ತಮ್ಮನ ಕಡೆ ತಿರುಗಿ, "ಬಾರಲೇ," ಅಂದರು. ಅವನು ಬಂದು ಕೆಂಪು ಹೆಬ್ಬೆರಳಿಗೆ ಮಸಿ ಹಚ್ಚಿಕೊಂಡು ಒತ್ತಿದ. ಉಳಿದಿಬ್ಬರೂ ಒತ್ತಿದರು. ಯಜಮಾನರು ಬುಟ್ಟಿಯ ಕಡೆ ಕೈ ತೋರಿಸಿ, "ಇನ್ಮ್ಯಾಲೆ ಕಟ್ಟು ಅಂಗಡಿ ಮೆಟ್ಟಿಲಿಗಲ್ಲ, ಕುಡಿಕಿಗೆ. ಎಲ್ಲಿ ಕುಡಿದ್ರೂ ಒಂದೇ. ಹಿಂದಿನದಕ್ಕೆ ದಂಡ ಇಲ್ಲ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹೊರಟುಹೋದರು.

ವರದಿಯಲ್ಲಿ ನಾನು, ಮೊಕದ್ದಮೆಗೆ ಆಧಾರವಿಲ್ಲ, ಖಾನಾವಳಿಯಲ್ಲಿ ಹೆಂಡ ತಂದು ಕುಡಿಯಲು ಬಿಡಬಾರದೆಂದು ತಾಕೀತು ಮಾಡಿ, ಹಿತ್ತಲ ಬಾಗಿಲನ್ನು ಗೋಡೆ ಕಟ್ಟಿ ಮುಚ್ಚಿಸಿದರೆ ಸಾಕು ಎಂದು ಬರೆದೆ. ಅಮಲ್ದಾರರು ಹಾಗೆಯೇ ಹುಕುಂ ಮಾಡಿದರು. ಗೋಡೆಯನ್ನು ಬೀದಿಯವರೇ ಕಲ್ಲು ಹೊತ್ತು ಕಟ್ಟಿಕೊಟ್ಟರು. ಖಾನಾವಳಿ ಉಳಿಯಿತು. ಗಾಡಿಯವರು ಹೇಗೂ ಬರುತ್ತಿದ್ದರು. ಹೊರಗಿನಿಂದ ಬಂದು ಆ ಬೀದಿಯಲ್ಲಿ ಕೂಲಿಗೆ ನೇಯುತ್ತಿದ್ದವರೂ ಈಗ ಮುಂದಿನ ಬಾಗಿಲಿನಿಂದಲೇ ಊಟಕ್ಕೆ ಬರತೊಡಗಿದರು.

ಹುಕುಂ ಬಂದ ದಿನ ನಾನು ಮುಖ ತೊಳೆದು, ಒಗೆದ ಅಂಗಿ ಹಾಕಿಕೊಂಡು ದಾರಿ ದಾಟಿದೆ. ಮದುವೆ ಮನೆಗೆ ಹೋಗುವವನ ಹಾಗೆ ಹೊರಟಿದ್ದೇನಲ್ಲ ಎಂದು ನನಗೇ ನಗು ಬಂತು. ಆಕೆ ತಟ್ಟೆ ಇಟ್ಟು, "ಬರ್ರಿ ಸಾಮಿ, ಅವತ್ತು ಬಿಟ್ಟು ಹೋದ ಅರ್ಧ ಮುದ್ದಿ ನಿಮ್ಮದು ಹಂಗೇ ಐತೆ," ಎಂದು ನಗುತ್ತಾ ಬಡಿಸಿದಳು. ಸಾಲಿನಲ್ಲಿ ನಾಲ್ಕೈದು ಗಾಡಿಯವರು, ಇಬ್ಬರು ಕೂಲಿ ನೇಕಾರರು ಉಣ್ಣುತ್ತಾ ಏನೋ ತಮಾಷೆ ಮಾಡಿಕೊಳ್ಳುತ್ತಿದ್ದರು. ನಾನು ಕೂತೆ. ತಮಾಷೆ ನಿಂತಿತು.

ಪಕ್ಕದ ನೇಕಾರ ಮುದ್ದೆ ಮುರಿಯಲು ಎತ್ತಿದ ಕೈಯನ್ನು ನೋಡಿಕೊಂಡ. ಕೆಂಪು ಬೆರಳುಗಳನ್ನು ಮಡಚಿದ. ಮಡಚಿದ ಬೆರಳಿನಲ್ಲಿ ಉಣ್ಣಲಾಗುವುದಿಲ್ಲ. ತಟ್ಟೆ ಬಿಟ್ಟು ಎದ್ದು ಹೋದ. ಅವನ ಹಿಂದೆ ಇನ್ನೊಬ್ಬ. ಗಾಡಿಯವರು ತಟ್ಟೆಯತ್ತ ಬಗ್ಗಿ ಗಬಗಬ ನುಂಗಿ, ಗಾಡಿಯಲ್ಲಿ ಏನಿದೆ ಎಂದು ನಾನು ಕೇಳುವ ಮೊದಲೇ ಹೊರಬಿದ್ದರು. ಸಾಲಿನಲ್ಲಿ ನಾನೊಬ್ಬನೇ ಉಳಿದೆ.

"ನೀವು ಉಣ್ರಿ," ಅಂದಳು ಆಕೆ. ಅವರ ತಟ್ಟೆಗಳಲ್ಲಿ ಬಿಟ್ಟ ಮುದ್ದೆಯನ್ನು ನಾನು ನೋಡದಂತೆ ಬೇಗಬೇಗ ಎತ್ತಿಟ್ಟಳು.

ಮಾರನೆಯ ದಿನ ಹೊತ್ತು ತಪ್ಪಿಸಿ ಹೋದೆ. ಆಗಲೂ ಅದೇ. ಕಟ್ಟೆಯ ಮೇಲೆ ಸರದಿಗೆ ಕಾಯುತ್ತಿದ್ದವರು ನನ್ನನ್ನು ಒಳಗೆ ಕಂಡು ದಾರಿ ಹಿಡಿದರು. ಆಕೆ ಆಗಲೂ ನನಗೆ ಬಿಸಿ ಸಾರು ಇನ್ನೊಂದು ಸೌಟು ಹಾಕಿದಳು. ಮಾಡಿಟ್ಟ ಮುದ್ದೆಗಳು ಬುಟ್ಟಿಯಲ್ಲಿ ಆರುತ್ತಿದ್ದವು. ನಾನು ಉಳಿಸಿದ ಖಾನಾವಳಿಯನ್ನು ನಾನೇ ಕೂತು ಮುಚ್ಚಿಸುತ್ತಿದ್ದೆ. ಅದಕ್ಕೆ ಅರ್ಜಿಯೂ ಬೇಕಿರಲಿಲ್ಲ, ಮಹಜರೂ ಬೇಕಿರಲಿಲ್ಲ, ದಿನಾ ಊಟಕ್ಕೆ ಬಂದರೆ ಸಾಕಾಗಿತ್ತು.

ಮೂರನೆಯ ದಿನ ದಾರಿ ದಾಟಲಿಲ್ಲ. ಜಗಲಿಯ ಮೇಲೆ ನಿಂತು, "ಏನಮ್ಮ, ಇವತ್ತು ಏನು ಸಾರು?" ಎಂದು ಕೂಗಿದೆ.

ಆಕೆ ಹೊಸ್ತಿಲಿಗೆ ಬಂದಳು. ನನ್ನನ್ನು ನೋಡಿದಳು, ಕಟ್ಟೆಯ ಮೇಲೆ ಕೂತ ಜನರನ್ನು ನೋಡಿದಳು. ಬರ್ರಿ ಎನ್ನಲು ಹೊರಟವಳು ತಡೆದಳು. ಸೆರಗಿನಿಂದ ಮುಖ ಒರೆಸಿಕೊಂಡಳು, ಒಲೆಯ ಹೊಗೆಯೋ ಏನೋ.

"ಅವರೆಕಾಳು, ಸಾಮಿ. ಕಾಳು ನೆನೆ ಹಾಕೀರಾ?"

"ಇಲ್ಲ."

"ಹಂಗಾರೆ ಬ್ಯಾಳೆ ಹಾಕ್ಯಳ್ರಿ. ಉಪ್ಪು..."

"ಬೆಂದ ಮೇಲೆ," ಅಂದೆ.

"ಹ್ಞೂಂ, ಬೆಂದ ಮ್ಯಾಲೆ," ಎಂದು ಒಳಗೆ ಹೋದಳು. ಕಟ್ಟೆಯ ಮೇಲಿದ್ದವರು ಒಬ್ಬೊಬ್ಬರಾಗಿ ಎದ್ದು ಅವಳ ಹಿಂದೆ ಒಳಗೆ ಹೋದರು. ನಾನು ಒಲೆಯ ಮುಂದೆ ಕೂತು ಊದತೊಡಗಿದೆ. ಬೆಂಕಿ ಹತ್ತುವ ಹೊತ್ತಿಗೆ, ದಾರಿಯ ಆಚೆ, ನಿಂತಿದ್ದ ಮಾತು ಮತ್ತೆ ಶುರುವಾಯಿತು.